ಬಲಮುರಿಯ ಲೆಕ್ಕ

ಭಾನುವಾರ ಸಂಜೆಗೆ ಏಳು ಗೋಣಿಚೀಲ.
ಬಿರಿಯಾನಿ ತಟ್ಟೆ, ಒಡೆದ ಬಾಟಲಿ, ಮಗುವಿನ ಒಂಟಿ ಚಪ್ಪಲಿ.
ಕಟ್ಟೆ ಮೇಲಿಂದ ನೀರು ತೆಳ್ಳಗೆ ಇಳಿಯುತ್ತಿರುತ್ತದೆ
ಏನೂ ಆಗಿಲ್ಲವೆಂಬಂತೆ.

ತಮ್ಮ ಸಿಂಗ್ರಯ್ಯ ರಂಗನತಿಟ್ಟಿನಲ್ಲಿ ಹುಟ್ಟು ಹಾಕುತ್ತಾನೆ.
‘ಅಕ್ಕ, ಗೇಟು ಮುಚ್ಚಿದ್ದ ವರ್ಷ
ಇಪ್ಪತ್ತೇ ದಿನ ಕಣಕ್ಕ. ನೀರುನಾಯಿ ಮರಿ ಕಟ್ಕೊಂಡು ಬಂದು
ನನ್ನ ದೋಣಿಯೊಳಗೇ ಮಲಗಿತ್ತು.’
ಗೇಟು ತೆಗೆದರು. ಎದ್ದು ಹೋಯಿತು.
ಸಿಟ್ಟೂ ಮಾಡಲಿಲ್ಲವಂತೆ.
ಅಲ್ಲಿ ಗಾಯ ಬೇಗ ಮಾಯುತ್ತದೆ:
ಟಿಕೆಟ್ಟಿದೆ, ಬೇಲಿಯಿದೆ, ಸಂಜೆಗೊಂದು ಸೀಟಿಯಿದೆ.

ತಂಗಿ ಚಿಕ್ಕತಾಯಿಯನ್ನು ಕೊಟ್ಟಿದ್ದು ಕೊಕ್ಕರೆಬೆಳ್ಳೂರಿಗೆ.
ಹಿತ್ತಲ ಹುಣಸೆ ಕಡಿದು ಹದಿನಾಲ್ಕು ವರ್ಷ.
ಹಕ್ಕಿಗಳು ಈಗಲೂ ಆ ಬಯಲಿನ ಮೇಲೆ
ಒಂದು ಸುತ್ತು ಹಾಕಿಯೇ ಪಕ್ಕದ ಮನೆಗೆ ಇಳಿಯುತ್ತವೆ.
ಸಸಿ ನೆಟ್ಟಿದ್ದಾಳೆ. ಸೊಂಟದೆತ್ತರ.
ಕ್ಯಾಮರಾದವರು ಗೂಡೆಲ್ಲಿ ಅಂದರೆ
‘ನನ್ನ ಮೊಮ್ಮಗಳ ಮದುವೇಗೆ ಬನ್ರಪ್ಪ’ ಅನ್ನುತ್ತಾಳೆ.
ಮೊಮ್ಮಗಳಿಗಿನ್ನೂ ಹಲ್ಲು ಮೂಡಿಲ್ಲ.

ಮೈಸೂರಿನ ಬೆಟ್ಟದಲ್ಲಿ ನಮ್ಮವರು ಯಾರೂ ಇಲ್ಲ.
ಕುಸಿದ ಪಕ್ಕೆ ಏನನ್ನುತ್ತದೋ, ಕೇಳಿದವಳಲ್ಲ.

ನನ್ನ ಬಲಮುರಿಯದು ಬೇರೆ ಲೆಕ್ಕ.
ನಾನು ಪೊರಕೆ ಹಿಡಿದ ಹೊಸದರಲ್ಲಿ
ಸೋಮವಾರ ಮಧ್ಯಾಹ್ನಕ್ಕೇ ಹೊಳೆ ಮೈ ತೊಳೆದುಕೊಂಡಿರುತ್ತಿತ್ತು.
ಆಮೇಲೆ ಬುಧವಾರವಾಯಿತು.
ಈಗ ಶುಕ್ರವಾರ ಹೊತ್ತು ಮುಳುಗಿದರೂ
ಬಂಡೆ ಮೇಲೆ ಜಿಡ್ಡು, ಕಾಲು ಜಾರುತ್ತದೆ.
ಶನಿವಾರ ಮತ್ತೆ ಬಸ್ಸು.

ನಡುವೆ ಉಳಿದಿರುವುದು ಒಂದು ರಾತ್ರಿ.

ಹೋದ ವಾರ ಆ ರಾತ್ರಿ ಟಾರ್ಚು ಹಿಡಿದು ಹೋದೆ,
ಹೊಳೆ ಏನು ಮಾಡುತ್ತದೆ ನೋಡೋಣ ಅಂತ.
ಕಟ್ಟೆಯ ಸಂದಿನಲ್ಲೊಂದು ಏಡಿ
ಹಸಿರು ಗಾಜಿನ ಚೂರಿನ ಸುತ್ತ
ಮಣ್ಣು ಮೆತ್ತುತ್ತಿತ್ತು, ಅವಸರವಿಲ್ಲದೆ,
ನಾಳೆ ಯಾವ ವಾರವೆಂದು ತಿಳಿಯದೆ.

ಟಾರ್ಚು ಆರಿಸಿದೆ.
ನನ್ನ ಬೆಳಕಿನಿಂದಲಾದರೂ
ಅದರ ಕೆಲಸ ಕೆಡದಿರಲಿ.