ತಿತಿಮತಿ ರಸ್ತೆಗೆ ಬೇಕಾದ ಲಿವರು

ಗೋಣಿಕೊಪ್ಪದಲ್ಲಿ ಇವತ್ತು ಸಂತೆ.
ಮೊಯ್ದೂಟಿ ಅಂಗಡಿಯ ಹಲಗೆಗೆ
ನಿನ್ನೆಯ ಪೇಪರು ಹಾಸಿ
ಮೂರು ಜೊತೆ ಇಟ್ಟಿದ್ದಾನೆ,
ಮೀನಿನವಳು ಮತ್ತಿ ಜೋಡಿಸಿದ ಹಾಗೆ,
ತಲೆ ಎಲ್ಲ ಒಂದೇ ಕಡೆಗೆ.
"ಎಂತ ಪೋಸ್ಟಕ್ಕ, ಯಾವುದು?"

ಮೊದಲನೆಯದು ಹೊಸದು, ಕರಿ.
ಬ್ರೇಕು ಗೇರು ಎರಡೂ ಒಂದರಲ್ಲೇ.
ಬೆರಳ ತುದಿಯಲ್ಲಿ ಒತ್ತಿದರೆ ಟಕ್, ಇನ್ನೊಮ್ಮೆ ಟಕ್.
ಹ್ಯಾಂಡಲ್ ಬಿಡುವ ಕೆಲಸವೇ ಇಲ್ಲ.
ಬೆಲೆ ಕೇಳಿದೆ.
ನನ್ನ ಒಂದೂವರೆ ತಿಂಗಳು.

ಎರಡನೆಯದು ಹ್ಯಾಂಡಲಿನ ತುದಿಗೆ ತೊಡಿಸುವಂಥದ್ದು,
ಎತ್ತಿನ ಕೋಡಿಗೆ ಅಣಸು ಹಾಕಿದ ಹಾಗೆ.
ಚೆಂದವೇ. ತಿರುವಿನಲ್ಲಿ ಮೊಣಕಾಲಿಗೆ ತಾಗುತ್ತದೆ.

ಮೂರನೆಯದು ಈ ಸೈಕಲ್ಲಿನದೇ:
ಓರೆ ಕೊಳವೆಯ ಮೇಲೆ ಎರಡು ಪುಟ್ಟ ಕಿವಿ.
ಟಕ್ ಇಲ್ಲ, ಅಂಕಿ ಇಲ್ಲ,
ರೇಡಿಯೋದಲ್ಲಿ ಸ್ಟೇಷನ್ ಹುಡುಕುವಂತೆ ತಿರುಗಿಸಿ
ಸರಪಳಿಯ ಗೊರಗೊರ ಎಲ್ಲಿ ಅಡಗಿತೋ
ಅಲ್ಲಿ ಬಿಡಬೇಕು.

ಸೈಕಲ್ಲು ಸಿಕ್ಕಿದ್ದು ಬೊಳ್ಳಮ್ಮಜ್ಜಿಯ ಕಾಫಿ ಕಣದ ಹಿಂದೆ,
ಮೆಣಸಿನ ಚೀಲಗಳ ಅಡಿ.
ತಮ್ಮನದಂತೆ, ಎಪ್ಪತ್ತೊಂಬತ್ತರದು.
"ನಿನಗೆ ಹೇಗೂ ತುಳಿದು ಅಭ್ಯಾಸ,
ತಕೊಂಡು ಹೋಗು, ಜಾಗ ಖಾಲಿಯಾಗಲಿ" ಎಂದಿದ್ದರು
ರಿಜಿಸ್ಟರಿಗೆ ಸಹಿ ಹಾಕುತ್ತ.
ಆರು ದಿನ ಟಪ್ಪಾಲಿನ ಸೈಕಲ್ಲು ಇದ್ದೇ ಇದೆ.
ಏಳನೆಯದಕ್ಕೆ ಇದಿರಲಿ ಎಂದುಕೊಂಡೆ.
ಬೆಳಿಗ್ಗೆ ಹೊರಡುವಾಗ ಓರಗಿತ್ತಿಗೆ
ಗೇರು ತರಲು ಹೋಗುತ್ತೇನೆ ಎಂದೆ.
ಪಾಯಸಕ್ಕೆ ಎಂದು ಕಾಯುತ್ತಿದ್ದಾಳೆ.

ಬ್ರೇಕ್ ಲಿವರಿನದು ಬೇರೆಯೇ ಕಥೆ.
ಹಳೆಯದರ ರಬ್ಬರು ಹಲಸಿನ ಮೇಣವಾಗಿತ್ತು.
ತೆಂಗಿನೆಣ್ಣೆ ಹಚ್ಚಿಕೊಂಡು ಬಿಡಿಸಿದ,
ಹಣ್ಣು ಬಿಡಿಸುವ ಹಾಗೇ.
ಹಿಡಿದು ನೋಡಿದೆ.
ಅಜ್ಜಿಯ ತಮ್ಮ ಆರಡಿಯ ಆಳಿರಬೇಕು:
ನನ್ನ ಬೆರಳು ತುದಿಯನ್ನಷ್ಟೇ ಸವರಿ ಬಂತು,
ಗೇಟಿನ ಸಂದಿಯಲ್ಲಿ ಕೈ ತೂರಿಸಿದಾಗ
ಒಳಗಿನ ಚಿಲಕ ಸಿಗದ ಹಾಗೆ.
"ಗೇರು ಹಳೆಯದಾದರೂ ನಡೀತದೆ ಪೋಸ್ಟಕ್ಕ,
ನಿಲ್ಲಿಸುವುದಾದರೂ ಹೊಸದಿರಲಿ" ಎಂದ,
ಕರಿಯ ಜೊತೆಯನ್ನು ನನ್ನತ್ತ ದೂಡುತ್ತ.

ನನಗೆ ತಿತಿಮತಿ ರಸ್ತೆ ನೆನಪಾಯಿತು.
ಹೋದ ಜನವರಿ. ಆರೂಕಾಲು. ಮಂಜು.
ತಿರುವಿನಲ್ಲಿ ಲದ್ದಿ ಇನ್ನೂ ಹಬೆಯಾಡುತ್ತಿತ್ತು.
ಬಿದಿರು ಒಂದು ಮುರಿದ ಸದ್ದು,
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದ್ದರ ನಡುವೆ
ನನ್ನ ಟಪ್ಪಾಲು ಸೈಕಲ್ಲಿನ ಬ್ರೇಕು
ಕೀಂ ಎಂದು ಕಿರುಚಿತು.
ಮರದ ಸಾಲಿನಲ್ಲಿ ಒಂದು ಕಿವಿ ಅಗಲವಾಯಿತು.
ಅಷ್ಟೇ.
ಅಗಲವಾಯಿತು, ನಿಂತಿತು, ಮಡಚಿಕೊಂಡಿತು.
ಮನೆಯಲ್ಲಿ ಯಾರಿಗೂ ಹೇಳಿಲ್ಲ.

"ಇದರಲ್ಲಿ ಸದ್ದು ಮಾಡದ್ದು ಯಾವುದು?" ಎಂದೆ.

ಮೊಯ್ದೂಟಿ ಒಂದು ಗಳಿಗೆ ನನ್ನ ಮುಖ ನೋಡಿದ.
ಅವನ ಮನೆಯೂ ಆ ದಾರಿಯಲ್ಲೇ.
ಕರಿಯದನ್ನು ಪೇಪರಿನಲ್ಲಿ ಸುತ್ತಿ ಗೂಡಿಗಿಟ್ಟ.
ಬಗ್ಗಿ ತನ್ನದೇ ಹವಾಯಿ ಚಪ್ಪಲಿ ತೆಗೆದು
ಹಿಮ್ಮಡಿಯ ಕಡೆಯಿಂದ ಒಂದು ಹೋಳು ರಬ್ಬರು ಕೊಯ್ದು
ಹಳೆಯ ಲಿವರಿನ ಬುಡಕ್ಕೆ ತುರುಕಿದ.
ಅರ್ಧ ಅಂಗುಲ ನನ್ನ ಕಡೆ ಬಂತು ಲಿವರು.
ಬೆರಳು ಕೊಕ್ಕೆಯಾಯಿತು.
ಬ್ರೇಕ್ ರಬ್ಬರುಗಳ ಮೂತಿ ಮೊದಲು ತಾಗುವಂತೆ
ಕೊಂಚ ಓರೆ ಮಾಡಿ
ಚಕ್ರ ತಿರುಗಿಸಿದ. ಹಿಡಿದೆ. ನಿಂತಿತು.
ಕೋಳಿ, ಕಿತ್ತಳೆ, ಹೊಸ ಕತ್ತಿಗಳ ಆ ಗದ್ದಲದಲ್ಲಿ
ಯಾರಿಗೂ ಕೇಳಿಸಲಿಲ್ಲ. ನನಗೂ.

"ಗೇರು ಹಾಕುವಾಗ ಒಂದು ಕೈ ಬಿಡಬೇಕಾಗ್ತದೆ,
ಕೊಳವೆಯ ತನಕ ಬಗ್ಗಬೇಕು" ಎಂದ.
ಹದಿನಾರು ವರ್ಷವಾಯಿತು ಮೊಯ್ದೂಟಿ,
ಒಂದು ಕೈಯಲ್ಲಿ ಹ್ಯಾಂಡಲು
ಇನ್ನೊಂದರಲ್ಲಿ ಊರಿನ ಕಾಗದ.

ಹೋಗುವಾಗ ಕಾಲು ಕಿಲೋ ಗೇರುಬೀಜ ಕೊಳ್ಳಬೇಕು.
ಎಡಗಾಲು ಸ್ವಲ್ಪ ತಗ್ಗಿಸಿ ನಡೆಯುತ್ತ
ಅವನು ಬಾಗಿಲ ತನಕ ಬಂದ.