ಹೆಬ್ಬೆಟ್ಟು

ದಾವಣಗೆರೆ ಬಿಸಿಲು ಇಳಿದರೂ
ಮಂಡಕ್ಕಿ ಭಟ್ಟಿಯ ಮರಳು ಆರುತ್ತಿದ್ದುದು
ರಾತ್ರಿ ಒಂಬತ್ತರ ಮೇಲೆ.
ಸ್ಲೇಟು ಒಡೆದ ವರ್ಷ
ಅದರಲ್ಲೇ ತೀಡಿದೆ ಅ ಆ ಇ ಈ, ಬೆಚ್ಚಗೆ.
ಶಾಲೆಯಲ್ಲಿ ನನ್ನ ಹೆಸರು 'ಮಸಿ'.
ಸರಿಯೋ ತಪ್ಪೋ ಅಬ್ಬಾಗೇನು ಗೊತ್ತು?
ಬೀಡಿ ಹಚ್ಚಿ ತಲೆಯಾಡಿಸುವರು:
'ನನ್ನಂಗೆ ಹೆಬ್ಬೆಟ್ಟಾಗಬ್ಯಾಡ.'

ಈಗ ಮಗಳು ಶಿಫಾ
ಹೆಬ್ಬೆಟ್ಟೊತ್ತಿ ಫೋನು ತೆರೆಯುತ್ತಾಳೆ,
ಹೆಬ್ಬೆಟ್ಟಲ್ಲೇ ಹೋಂವರ್ಕು ಕಳಿಸುತ್ತಾಳೆ.
ಟೀಚರಿಂದ ಬರುವುದೂ ಹೆಬ್ಬೆಟ್ಟೇ,
ಹಳದಿ ಬಣ್ಣದ್ದು.

ನಿನ್ನೆ ರೇಷನ್ ಅಂಗಡಿಯಲ್ಲಿ
ಅಬ್ಬಾ ಮೂರು ಸಲ ಒತ್ತಿದರು.
ಮಿಷನ್ನು ಒಲ್ಲೆ ಅಂದಿತು.
ನಲವತ್ತು ವರ್ಷದ ಮರಳು
ಗೆರೆಗಳನ್ನೆಲ್ಲ ಉಜ್ಜಿಬಿಟ್ಟಿದೆ.
ಅಕ್ಕಿ ತಕ್ಕಡಿಯಲ್ಲೇ.

ಶಿಫಾ ಆ ಬೆರಳು ಹಿಡಿದು
ತನ್ನ ಯೂನಿಫಾರ್ಮಿಗೆ ಒರೆಸಿದಳು:
'ಇನ್ನೊಂದ್ಸಲ, ದಾದಾ.
ಮೆಲ್ಲಗೆ.'