ನಡತೆ: ಒಳ್ಳೇದು

ಬರೆಟ್ಟೊ ಕ್ಲಾರ್ಕ ಸೈಕಲ್ ಮ್ಯಾಲಿಂದ ಬಿದ್ದು
ಬಲಗೈ ಮುರಕೊಂಡ.
ಹಿಂಗಾಗಿ ಹತ್ತನೇತ್ತಾ ಅ ವರ್ಗದ
ನಲವತ್ತೊಂದು ದಾಖಲೆ ನಾ ಬರೀಬೇಕಾತು.
'ನಿನ್ನ ಅಕ್ಷರ ಛಲೋ ಅದಾವ, ಕೂಡು' ಅಂದ.
ಕ್ಯಾಂಪಿನ ಬೇಕರಿ ಖಾರಿ ಎರಡು, ಅರ್ಧ ಕಪ್ ಚಾ, ಶಾಯಿ ಬಾಟ್ಲಿ.
'ಗುರುತಿನ ಚಿಹ್ನೆ ರಜಿಸ್ಟರ್ ನೋಡಿ ಬರಿ.
ನಡತೆ ಅಂದಲ್ಲಿ ಎಲ್ಲಾರಿಗೂ ಒಳ್ಳೇದು ಅಂತ ಬರಿ.
ವಿಚಾರ ಮಾಡಬ್ಯಾಡ.'

ವಿಚಾರ ಮಾಡಲಾರದ ಬರಿಯೂದು ಹೆಂಗ?

ಉಪಾಧ್ಯೆ ಬಾಹುಬಲಿ. ಬಲಮೊಣಕಾಲ ಮ್ಯಾಲ ಗಾಯದ ಕಲೆ.
ಅದು ಹೆಂಗ ಬಂತು, ರಜಿಸ್ಟರಿಗೆ ಗೊತ್ತಿಲ್ಲ.
ಇನ್ನೂ ಒಂದು ಗೋಲ್ ಬೇಕು ಅನ್ನೂವಾಗ
ಸೂರ್ಯ ಚರ್ಚಿನ ಶಿಲುಬಿಗೆ ತಾಗಿದ್ದೇ ತಡ,
ಚೆಂಡು ನಡು ಮೈದಾನದಾಗ ಬಿಟ್ಟು, ತಂತಿ ಬೇಲಿ ಹಾರಿ
ಮನೀಗೆ ಓಟ. ಕತ್ತಲಾದ ಮ್ಯಾಲ ಅವರು ಉಣ್ಣಂಗಿಲ್ಲ.
ಸೂರ್ಯನ ಕೈಲೆ ನಾವು ಎಷ್ಟು ಮ್ಯಾಚ್ ಸೋತ್ವೋ.

ಢವಳಿ ಮಾರ್ಕಂಡೇಯ, ವಡಗಾಂವಿ. ಮನ್ಯಾಗ ನಾಕು ಪಾವರ್‌ಲೂಮ್.
ಖಟ್‌ಖಟ್ ಇಲ್ಲಂದ್ರ ಅವಂಗ ನಿದ್ದಿ ಇಲ್ಲ, ಲೆಕ್ಕ ಇಲ್ಲ.
ಪರೀಕ್ಷಾ ಹಾಲಿನ ಮೌನದಾಗ ಉಸಿರು ಕಟ್ಟಿ
ಬೆಂಚಿನ ಕೆಳಗ ಕಾಲು ಬಡೀತಿದ್ದ. ಬೈಸಿಕೊಂಡು ನಿಲ್ಲಿಸಿದ.
ಆಮ್ಯಾಲ ಹಿಂದಿನ ಮೂರು ಬೆಂಚಿನವರು
ಪಾಳಿ ಹಚ್ಚಿ ಪೆನ್ನಿಲೆ ಬಡದ್ವಿ,
ಅಂವ ಬೀಜಗಣಿತ ಮುಗಿಸೂತನಾ.

ಮುಜಾವರ ದಸ್ತಗೀರ. ಹತ್ತು ವರ್ಷದಾಗ ಆಡಿದ್ದು ಹದಿನೈದು ಮಾತು,
ಉಳಿದದ್ದೆಲ್ಲಾ 'ಹಾಜರ್'.
ಅಪ್ಪಂದು ಗಡಿಯಾರ ರಿಪೇರಿ ಅಂಗಡಿ.
ಪ್ರತಿ ಶನಿವಾರ ಸಾಲಿ ಗಂಟೆ ಐದು ನಿಮಿಷ ಮೊದಲ ಯಾಕ ಆಗತಿತ್ತು,
ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಲೆಸ್ಲಿ, ರೈಲ್ವೆ ಗಾರ್ಡನ ಮಗ.
ತಡಾ ಆದವರೆಲ್ಲಾ 'ಗೇಟ್ ಬಿದ್ದಿತ್ತು ಫಾದರ್' ಅಂತಿದ್ವಿ.
ಫಾದರ್ ಲೆಸ್ಲಿ ಕಡೆ ನೋಡತಿದ್ರು.
ಅಂವ ಕಣ್ಣ ಮುಚ್ಚಿ, ಕಿವಿಯಾಗ ಏನೋ ಕೇಳಿಸಿಕೊಂಡವರಂಗ,
'ಹೌದು ಫಾದರ್, ಗೂಡ್ಸ್. ಮೂವತ್ತೆರಡು ಡಬ್ಬಿ.'
ನಮ್ಮ ಸಲುವಾಗಿ ಅಂವ ಓಡಿಸಿದ ಇಲ್ಲದ ಗಾಡಿ ನಿಲ್ಲಿಸಾಕ
ಮಿರಜಿನಿಂದ ಲೋಂಡಾತನಾ ಹಳಿ ಸಾಲಂಗಿಲ್ಲ.

ಇವೆಲ್ಲಾ ಹೊತ್ತಂವ ಏಂಜೆಲೊ. ಎಡಗಲ್ಲಕ್ಕ ಕರೀ ಮಚ್ಚೆ.
ನಮಗ ಪಾಪನಿವೇದನೆ ಇಲ್ಲಂತ ಮರುಗಿ
ಶನಿವಾರ ಸಂಜೀಕ ನಮ್ಮವೂ ತನ್ನವ ಅಂತ ಹೇಳಿ ಬರತಿದ್ದ:
ಬಂಗಲೆಯ ಪೇರಲ, ಮುಂದ ಓಡಿದ ಮುಳ್ಳು, ಮೂವತ್ತೆರಡು ಡಬ್ಬಿ.
'ಒಬ್ಬ ಹುಡುಗಗ ಇಷ್ಟು ಪಾಪ ಮಾಡಾಕ
ವ್ಯಾಳ್ಯಾ ಎಲ್ಲಿ ಸಿಕ್ತು?' ಅಂದ್ರಂತ ಫಾದರ್.
ಮೊಣಕಾಲೂರಿ ನಮ್ಮ ಪಾಲಿನ ನಮೋ ಮರಿಯಾ ಅವನ ಮುಗಿಸಿದ.
ಕಡೇ ಶನಿವಾರ ಜಾಳಿಗಿ ಆ ಕಡೆಯಿಂದ ದನಿ ಬಂತಂತ:
'ಢವಳಿಯ ಗೆಳ್ಯಾರಿಗೆ ಹೇಳು,
ಪೆನ್ನು ಬಡದದ್ದು ಪಾಪ ಅಲ್ಲ.'

ಒಳ್ಳೇದು. ಒಳ್ಳೇದು. ಒಳ್ಳೇದು.
ಶಾಯಿ ಆರೂತನಾ ಊದಿ ಊದಿ ತುಟಿ ಒಣಗಿತು.

ಕಾಮತೆ ಸುಭಾಸಂದು ಬರೀಬ್ಯಾಡ ಅಂದ ಬರೆಟ್ಟೊ. ನಾಪಾಸು.
ಜೂನ್‌ದಾಗ ಅದ ಬೆಂಚು, ಅಂವ ಒಬ್ಬನ.
ಒಂದು ಖಾಲಿ ಫಾರ್ಮ ತಗೊಂಡು ಒಂದ ಕಾಲಂ ತುಂಬಿದೆ,
ನಡತೆದು. ಬರೆಟ್ಟೊ ನೋಡಿದ.
ಬೈಲಿಲ್ಲ. ಡ್ರಾವರಿನಾಗ ಇಟ್ಟು ಕೀಲಿ ಹಾಕಿದ:
'ಬರೂ ವರ್ಷ ಬೇಕಾಗತೈತಿ.'

'ನಂದು?'
'ನಿಂದ ನೀ ಬರಕೊಂಡ್ರ ಕಾಯ್ದೆಕ್ಕ ಬಾಹಿರ.'
ಎಡಗೈಲೆ ಪೆನ್ನು ಹಿಡದ, ನಾಲಗಿ ಹೊರಗ ಹಾಕಿ,
ಒಂದನೇತ್ತಾ ಕೂಸಿನಂಗ, ಅರ್ಧ ತಾಸು ಬರದ.

ಕಾಲೇಜಿನ ಕಿಡಕಿಯಾಗ ಅದನ್ನ ಬೆಳಕಿಗೆ ಹಿಡದು ಕೇಳಿದ್ರು:
'ಖೊಟ್ಟಿ ಏನಿದು?
ಇಷ್ಟು ಒಳ್ಳೇ ನಡತೆ ಇಷ್ಟು ಸೊಟ್ಟ ಅಕ್ಷರದಾಗ?'
ಬಾಯಿಗೆ ಬಂದದ್ದು ಒಂದ ಮಾತು:
'ಗೇಟ್ ಬಿದ್ದಿತ್ತು ಸರ್.'
ಹೊಳ್ಳಿ ನೋಡಿದೆ. ಪಾಳಿಯಾಗ ಹಿಂದ
ಡಬ್ಬಿ ಎಣಿಸವರು ಯಾರೂ ಇರಲಿಲ್ಲ.